ಕೈ ಹಿಡಿಯದೆ ಕಾಯುವುದು

ಹೆಂಡತಿಗೆ ಸ್ಟ್ರೋಕ್, ಅಂದರೆ ಪಾರ್ಶ್ವವಾಯು, ಆಗಿ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಡಿಸ್ಚಾರ್ಜ್ ಫೈಲಿನಲ್ಲಿ ನಾಲ್ಕು ಪುಟಗಳ ವ್ಯಾಯಾಮದ ಹಾಳೆ ಇತ್ತು. ಗೆರೆಯಲ್ಲಿ ಬಿಡಿಸಿದ ಬೋಳುತಲೆಯ ಮನುಷ್ಯನೊಬ್ಬ ತೋಳೆತ್ತುತ್ತಿದ್ದ, ಮೊಣಕಾಲು ಮಡಿಸುತ್ತಿದ್ದ, ಚೆಂಡು ಹಿಚುಕುತ್ತಿದ್ದ. ಪ್ರತಿ ಚಿತ್ರದ ಕೆಳಗೂ ಒಂದೇ ಒಕ್ಕಣೆ: 10 ಸಲ, ದಿನಕ್ಕೆ 3 ಬಾರಿ. ಮೂವತ್ತು ವರ್ಷ ಲೆಕ್ಕಪತ್ರದಲ್ಲೇ ಕಳೆದವನು ನಾನು. ಅವತ್ತು ರಾತ್ರಿಯೇ ಸ್ಕೇಲು ಹಿಡಿದು ಚಾರ್ಟು ಹಾಕಿದೆ. ಎಡಕ್ಕೆ ವ್ಯಾಯಾಮದ ಹೆಸರು, ಮೇಲೆ ತಾರೀಖು, ನಡುವೆ ಟಿಕ್ ಹಾಕಲು ಚೌಕಗಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಮೂರನೇ ವಾರದ ಹೊತ್ತಿಗೆ ಮಾಡದ ವ್ಯಾಯಾಮಕ್ಕೂ ಟಿಕ್ ಹಾಕುತ್ತಿದ್ದೆ. ಜೀವನದಲ್ಲಿ ಮೊದಲ ಸಲ ಸುಳ್ಳು ಲೆಕ್ಕ ಬರೆದದ್ದು ಆಗಲೇ. ಅದೂ ಹೆಂಡತಿಯ ಕೈಕಾಲಿನ ಲೆಕ್ಕ.

ಸ್ಟ್ರೋಕ್ ಆಗಿದ್ದು ನಿದ್ದೆಯಲ್ಲಿ. ಬೆಳಿಗ್ಗೆ ಎಬ್ಬಿಸಲು ಹೋದರೆ ಬಾಯಿ ಒಂದು ಕಡೆ ಜಾರಿತ್ತು, ಬಲಗೈ ಹಾಸಿಗೆಯ ಅಂಚಿನಿಂದ ಜೋತುಬಿದ್ದಿತ್ತು. ತುರ್ತು ವಿಭಾಗದಲ್ಲಿ ಮೊದಲು ಕೇಳಿದ್ದು, "ಕೊನೆಯ ಸಲ ಸರಿಯಾಗಿದ್ದದ್ದನ್ನು ನೀವು ನೋಡಿದ್ದು ಎಷ್ಟು ಗಂಟೆಗೆ?" ರಾತ್ರಿ ಹತ್ತು ಅಂದೆ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು. ನಮ್ಮದು ದಾಟಿಹೋಗಿತ್ತು. ಹತ್ತು ಗಂಟೆ ಅನ್ನುವ ಆ ಉತ್ತರ ಎಷ್ಟೋ ತಿಂಗಳು ನನ್ನ ಬೆನ್ನು ಹತ್ತಿತ್ತು. ಮಧ್ಯರಾತ್ರಿ ಒಮ್ಮೆ ಎಚ್ಚರವಾಗಿದ್ದರೆ? ದೀಪ ಹಾಕಿದ್ದರೆ? ಅದನ್ನು ಇಲ್ಲಿಗೇ ಬಿಡುತ್ತೇನೆ.

ಹೆಪ್ಪು ಕಟ್ಟಿದ್ದು ಮಿದುಳಿನ ಎಡಭಾಗದಲ್ಲಿ. ಹಾಗಾಗಿ ಬಲಗೈ, ಬಲಗಾಲು, ಜೊತೆಗೆ ಮಾತು. ಮಾತು ಹೋಯಿತು ಅಂದರೆ ಪೂರ್ತಿ ಹೋಗಿರಲಿಲ್ಲ; ನಾವು ಹೇಳಿದ್ದು ಹೆಚ್ಚುಕಡಿಮೆ ಎಲ್ಲವೂ ಅವಳಿಗೆ ಅರ್ಥವಾಗುತ್ತಿತ್ತು, ಅವಳ ಮಾತು ಹೊರಗೆ ಬರುತ್ತಿರಲಿಲ್ಲ. "ಬೇಡ", "ಅಯ್ಯೋ", "ಅದು". ಈ ಮೂರರಲ್ಲೇ ಮೊದಲ ಎರಡು ತಿಂಗಳು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ನೋಡಿದ ಒಬ್ಬ ರೋಗಿ ಏನು ಕೇಳಿದರೂ "ಟಾನ್" ಅಂತಷ್ಟೇ ಹೇಳುತ್ತಿದ್ದನಂತೆ. ಸತ್ತ ಮೇಲೆ ನೋಡಿದರೆ ಅವನ ಮಿದುಳಿನ ಎಡ ಮುಂಭಾಗದಲ್ಲಿ ಗಾಯ. ಇದನ್ನು ನನಗೆ ಹೇಳಿದ್ದು ಸ್ಪೀಚ್ ಥೆರಪಿಸ್ಟ್. "ನಿಮ್ಮವರಿಗೆ ಮೂರು ಶಬ್ದ ಇವೆ, ನೋಡಿ" ಅಂತ ನಗಿಸಲು ನೋಡಿದರು. ನಾನು ನಗಲಿಲ್ಲ. ಅವಳು ನಕ್ಕಳು.

ಚಾರ್ಟಿನ ಕಾಲದಲ್ಲಿ ನಮ್ಮ ಮನೆಯಲ್ಲಿ ದಿನಕ್ಕೆ ಮೂರು ಜಗಳ. ಬೆಳಿಗ್ಗೆ ಒಂಬತ್ತಕ್ಕೆ ರಬ್ಬರ್ ಚೆಂಡು ತಂದು ಅವಳ ಅಂಗೈಯಲ್ಲಿಟ್ಟು "ಹಿಚುಕು" ಅನ್ನುತ್ತಿದ್ದೆ. ಚೆಂಡು ಉರುಳಿ ಮಂಚದಡಿ ಹೋಗುತ್ತಿತ್ತು. ಬಗ್ಗಿ ತೆಗೆದು ಮತ್ತೆ ಇಡುತ್ತಿದ್ದೆ. "ಒಂದು ಸಲ ಆಯ್ತು, ಇನ್ನೊಂಬತ್ತು." ಅವಳು ಎಡಗೈಯಲ್ಲಿ ಚೆಂಡು ಎತ್ತಿ ಕಿಟಕಿಯ ಕಡೆ ಬೀಸಿದ್ದೂ ಉಂಟು. ಅವಳು ಹಠಮಾರಿ ಅಂದುಕೊಂಡೆ. ಮಗಳು ಫೋನಿನಲ್ಲಿ "ಅಪ್ಪಾ, ನೀನು ಅಮ್ಮನ ಹತ್ತಿರ ಇನ್‌ಸ್ಪೆಕ್ಟರ್ ಥರ ಮಾತಾಡ್ತೀಯ" ಅಂದಾಗ ಅವಳ ಮೇಲೂ ಸಿಟ್ಟು ಬಂತು.

ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಇನ್ನೂ ಸಣ್ಣ ವಯಸ್ಸಿನ ಹುಡುಗ. ಒಂದು ದಿನ ಚಾರ್ಟಿನ ಮುಂದೆ ನಿಂತು, ಎಲ್ಲ ಚೌಕಗಳೂ ತುಂಬಿದ್ದು ನೋಡಿ, ಏನೂ ಹೇಳದೆ ಬಂದು ಕೂತ. "ಸರ್, ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಮಲಗೋವರೆಗೆ ಇವರ ಬಲಗೈ ಏನೇನು ಮುಟ್ಟಿತು, ಹೇಳಿ" ಅಂದ. ಯೋಚಿಸಿದೆ. ಚೆಂಡು. ಇನ್ನೇನು? ಹಲ್ಲು ಉಜ್ಜಿದ್ದು ಎಡಗೈ, ಊಟ ಎಡಗೈ, ಬಾಗಿಲು ತೆಗೆದದ್ದು ನಾನು, ಸ್ವೆಟರ್ ಹಾಕಿದ್ದು ನಾನು, ತಲೆ ಬಾಚಿದ್ದು ನಾನು. ಬಲಗೈ ದಿನವಿಡೀ ತೊಡೆಯ ಮೇಲೆ ಅತಿಥಿಯ ಹಾಗೆ ಕೂತಿತ್ತು.

ಅವನು ಹೇಳಿದ ಒಂದು ಸಂಖ್ಯೆ ನನ್ನ ತಲೆಗೆ ನಾಟಿತು; ಲೆಕ್ಕದವನಿಗೆ ಲೆಕ್ಕವೇ ನಾಟುವುದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 312 ಥೆರಪಿ ಸೆಷನ್‌ಗಳನ್ನು ಪಕ್ಕದಲ್ಲಿ ಕೂತು ಎಣಿಸಿದ್ದರಂತೆ. ಕೈಗೆ ಗಮನ ಕೊಟ್ಟ ಸೆಷನ್ನಿನಲ್ಲೂ ಆ ಕೈ ನಿಜವಾದ ಕೆಲಸದಂಥ ಚಲನೆ ಮಾಡಿದ್ದು ಸರಾಸರಿ 32 ಸಲ. ಆದರೆ ಪ್ರಾಣಿಗಳ ಪ್ರಯೋಗದಲ್ಲಿ ಮಿದುಳು ಹೊಸ ದಾರಿ ಮಾಡಿಕೊಂಡದ್ದು ದಿನಕ್ಕೆ ನೂರಾರು ಸಲ ಮಾಡಿಸಿದಾಗ. "ನಾನು ವಾರಕ್ಕೆ ಎರಡು ಗಂಟೆ ಬರ್ತೀನಿ. ಉಳಿದ ಗಂಟೆಗಳು ನಿಮ್ಮವು" ಅಂದ. ನಾನು ತಕ್ಷಣ ಕೇಳಿದ್ದು, "ಹಾಗಾದ್ರೆ 10 ಸಲದ ಬದಲು 100 ಸಲ ಚೆಂಡು ಹಿಚುಕಿಸಲಾ?" ಹುಡುಗ ತಲೆ ಕೆರೆದುಕೊಂಡ. ಆಮೇಲೆ ಒಗೆದ ಬಟ್ಟೆಯ ಬುಟ್ಟಿಯಿಂದ ಒಂದು ಟವೆಲ್ ತೆಗೆದು ಮೇಜಿನ ಮೇಲೆ ಹರಡಿ ಅವಳನ್ನು ನೋಡಿದ. ಬಾಯಿಬಿಟ್ಟು ಏನೂ ಹೇಳಲಿಲ್ಲ. ಅವಳು ಎಡಗೈಯಿಂದ ಒಂದು ಅಂಚು ಹಿಡಿದಳು. ಇನ್ನೊಂದು ಅಂಚು ಜಾರಿತು. ಆಗ ಬಲಗೈಯನ್ನು ಎಡಗೈಯಿಂದಲೇ ಎತ್ತಿ ತಂದು ಟವೆಲ್ಲಿನ ಮೇಲೆ ಕಲ್ಲಿನ ಹಾಗೆ ಇಟ್ಟಳು. ಮಡಚಿದಳು. ಮಡಿಕೆ ಓರೆಯಾಗಿತ್ತು. ಸರಿಮಾಡಲು ಬಲ ಮುಂಗೈಯನ್ನು ಮುಂದಕ್ಕೆ ತಳ್ಳಿದಳು. ಭುಜದಿಂದ ಬಂದ ತಳ್ಳು, ಎರಡು ಇಂಚು. ಯಾರೂ "ತಳ್ಳು" ಅಂದಿರಲಿಲ್ಲ.

ಮದುವೆಯಾದಾಗಿನಿಂದ ನಮ್ಮ ಮನೆಯ ಟವೆಲ್ಲುಗಳಿಗೆ ಅಂಚಿಗೆ ಅಂಚು ಕೂಡಿರಲೇಬೇಕು. ಅದು ಅವಳ ಕಾನೂನು. ಚೆಂಡಿಗೆ ಅಂಥ ಕಾನೂನು ಇರಲಿಲ್ಲ.

ಚಾರ್ಟು ಕಿತ್ತು ಹಾಕಿದೆ. ಆಮೇಲೆ ಶುರುವಾದದ್ದು ಮನೆಯನ್ನೇ ತಿರುವಿಹಾಕುವ ಕೆಲಸ. ಕುಡಿಯುವ ನೀರಿನ ಲೋಟ ಅವಳ ಬಲಕ್ಕೆ ಬಂತು. ಟಿವಿ ರಿಮೋಟ್ ಎದ್ದು ಹೋಗಿ ತರಬೇಕಾದಷ್ಟು ದೂರ ಹೋಯಿತು. ಕೈ ಆಸರೆಯಿಲ್ಲದೆ ಕುರ್ಚಿಯಿಂದ ಎದ್ದು ಕೂರುವುದೇ ತೊಡೆಗೆ ದೊಡ್ಡ ವ್ಯಾಯಾಮ; ರಿಮೋಟ್ ಒಂದರಿಂದಲೇ ದಿನಕ್ಕೆ ಹತ್ತು ಹನ್ನೆರಡು ಸಲ ಆಗುತ್ತಿತ್ತು. ಮೇಜು ಒರೆಸುವುದು ಅವಳ ಪಾಲಿಗೆ. ಬಟ್ಟೆಯ ಮೇಲೆ ಬಲ ಅಂಗೈ, ಅದರ ಮೇಲೆ ಎಡ ಅಂಗೈ, ಮುಂದೆ ಹಿಂದೆ, ಮುಂದೆ ಹಿಂದೆ. ಕಡ್ಡಿಯಂತಿದ್ದ ಭುಜ ಸಡಿಲವಾದದ್ದು ಅದರಲ್ಲೇ ಅಂತ ನನ್ನ ನಂಬಿಕೆ. ಒಣಹಾಕುವ ಕ್ಲಿಪ್ಪುಗಳನ್ನು ಡಬ್ಬಿಯಿಂದ ಎತ್ತಿ ಕೊಡುವವಳು ಅವಳು, ಸಿಕ್ಕಿಸುವವನು ನಾನು. ಕ್ಲಿಪ್ಪು ಹಿಸುಕುವ ಶಕ್ತಿ ಬರಲು ಒಂದು ವರ್ಷ ಹಿಡಿಯಿತು. ಬರೀ ಎತ್ತಿ ಕೊಡುವುದಕ್ಕೇ ನಾಲ್ಕು ತಿಂಗಳು.

ಇದೆಲ್ಲ ಕೇಳಲು ಸಲೀಸು. ನನಗೆ ಕಷ್ಟವಾದದ್ದು ಬೇರೆ.

ಸ್ವೆಟರಿನ ಗುಂಡಿ ಹಾಕಿಕೊಳ್ಳುವುದನ್ನು ಅವಳಿಗೇ ಬಿಡುವುದು ಅಂತ ಒಪ್ಪಂದವಾಯಿತು. ತೊಡುವಾಗ ಸೋತ ಕೈ ಮೊದಲು ತೋಳೊಳಗೆ, ಬಿಚ್ಚುವಾಗ ಅದೇ ಕೊನೆಗೆ. ಇಷ್ಟು ಕಲಿಸಿದ್ದರು. ಐದು ಗುಂಡಿ. ಮೊದಲನೆಯದನ್ನು ಎಡಗೈಯ ಹೆಬ್ಬೆರಳಲ್ಲಿ ಕಾಜಾದ ಬಾಯಿಗೆ ತಂದಳು. ಬಲಗೈ ಬಟ್ಟೆಯ ಅಂಚು ಹಿಡಿಯಬೇಕು. ತೋರುಬೆರಳು ಮತ್ತು ಮಧ್ಯದ ಬೆರಳಿನ ನಡುವೆ ಬಟ್ಟೆ ಸಿಕ್ಕಿಸಿಕೊಂಡಳು. ಗುಂಡಿ ಅರ್ಧ ತೂರಿತು. ಬಟ್ಟೆ ಜಾರಿತು. ಗುಂಡಿ ಹೊರಬಂತು. ಮತ್ತೆ. ಅರ್ಧ ತೂರಿತು, ಜಾರಿತು. ನಾಲ್ಕನೇ ಸಲ ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಅವಳು ತಲೆ ಎತ್ತಿ ನೋಡಿದಳು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಕೂತೆ, ತರಗತಿಯಲ್ಲಿ ಬೈಸಿಕೊಂಡ ಹುಡುಗನ ಹಾಗೆ. ಐದು ಗುಂಡಿಗೆ ಹನ್ನೊಂದು ನಿಮಿಷ. ಹೊರಗೆ ಕಾರು ನಿಂತಿತ್ತು, ಡಾಕ್ಟರ ಅಪಾಯಿಂಟ್‌ಮೆಂಟ್ ತಪ್ಪುವಂತಿತ್ತು. ಮದುವೆಯಲ್ಲಿ ಕೈ ಹಿಡಿದದ್ದು ಒಂದೇ ಗಳಿಗೆ. ಹಿಡಿಯದೆ ಕೂರುವುದನ್ನು ಕಲಿಯಲು ತಿಂಗಳುಗಳೇ ಬೇಕಾದವು. ಅಂದಿನಿಂದ ಎಲ್ಲಿಗೆ ಹೊರಟರೂ ಅರ್ಧ ಗಂಟೆ ಮೊದಲೇ ತಯಾರಿ ಶುರು. ಬಿಡುವು ಇಲ್ಲದ ಮನೆಯಲ್ಲಿ ಈ ಪದ್ಧತಿ ನಡೆಯುವುದಿಲ್ಲ ಅನ್ನುವುದೂ ನನಗೆ ಗೊತ್ತು. ಕೆಲಸಕ್ಕೆ ಓಡಬೇಕಾದವರು ಐದರಲ್ಲಿ ಒಂದು ಗುಂಡಿ ಬಿಟ್ಟರೂ ಸಾಕು.

ಸಹಾಯ ಮಾಡಿ ಹಾಳುಮಾಡಿದ್ದೂ ಇದೆ. ಎರಡನೇ ತಿಂಗಳಲ್ಲಿ ಸೋಫಾದಿಂದ ಏಳಿಸಲು ಬಲಗೈ ಹಿಡಿದು ಎಳೆದೆ. ಬಲ ಕಳೆದುಕೊಂಡ ಸ್ನಾಯುಗಳಿಗೆ ಭುಜದ ಕೀಲನ್ನು ಗೂಡಿನಲ್ಲಿ ಹಿಡಿದಿಡುವ ತಾಕತ್ತು ಇರುವುದಿಲ್ಲ. ಅವಳು ಕಿರುಚಿದ ಕಿರುಚು ಈಗಲೂ ಕಿವಿಯಲ್ಲಿದೆ. ಕೀಲು ಸ್ವಲ್ಪ ಕೆಳಗೆ ಇಳಿದಿತ್ತು. ಆರು ವಾರ ನೋವು. ಆರು ವಾರ ಮೇಜು ಒರೆಸುವುದೂ ಇಲ್ಲ, ಟವೆಲ್ಲೂ ಇಲ್ಲ. ಸೋತ ಕೈಯನ್ನು ಎಂದೂ ಎಳೆಯಬಾರದು, ಕಂಕುಳಿಗೆ ಕೈ ಹಾಕಿ ಎತ್ತಬಾರದು. ಸೊಂಟಕ್ಕೆ ಬೆಲ್ಟು ಕಟ್ಟಿ ಹಿಡಿಯಬೇಕು, ಅವರೇ ಮುಂದಕ್ಕೆ ಬಾಗಿ ಎದ್ದೇಳಲು ಬಿಡಬೇಕು. ಆ ನಾಲ್ಕು ಪುಟದ ಹಾಳೆಯಲ್ಲಿ ಈ ಒಂದು ಮಾತು ದಪ್ಪ ಅಕ್ಷರದಲ್ಲಿ ಇರಬೇಕಿತ್ತು.

ಮಾತಿನ ವಿಷಯಕ್ಕೂ ಇದೇ ರೋಗ, ನನ್ನದು. ಅವಳು "ಅದು… ಅದು…" ಅಂದ ಕೂಡಲೇ ನಾನು ಪಟ್ಟಿ ಓದುತ್ತಿದ್ದೆ. ನೀರಾ? ಕನ್ನಡಕಾನಾ? ಫ್ಯಾನಾ? ಮಗಳಾ? ಮನಸ್ಸಿನಲ್ಲಿ ಅವಳು ಅರ್ಧ ಕಟ್ಟಿದ್ದ ಶಬ್ದ ನನ್ನ ಶಬ್ದಗಳ ಸದ್ದಿಗೆ ಉದುರಿ ಹೋಗುತ್ತಿತ್ತು. "ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ, ಆಮೇಲೆ ಬಾಯಿ ತೆಗೆಯಿರಿ" ಅಂದರು ಸ್ಪೀಚ್ ಥೆರಪಿಸ್ಟ್. ಹತ್ತು ಸೆಕೆಂಡು ಎಷ್ಟು ಉದ್ದ ಅನ್ನುವುದು ಎದುರಿಗೆ ಒಬ್ಬರು ಶಬ್ದ ಹುಡುಕುತ್ತಿರುವಾಗ ಮಾತ್ರ ತಿಳಿಯುತ್ತದೆ. ಇನ್ನೊಂದು ವಿಚಿತ್ರ: ಹೌದು ಅನ್ನಲು ಹೋಗಿ ಇಲ್ಲ ಅನ್ನುತ್ತಿದ್ದಳು, ತಲೆ ಮಾತ್ರ ಸರಿಯಾಗಿ ಆಡುತ್ತಿತ್ತು. ಬಾಯಿಗಿಂತ ತಲೆಯನ್ನೇ ನಂಬಲು ಕಲಿತೆವು. ನೋಡಲು ಬಂದವರು ಕಿವುಡಿಯ ಹತ್ತಿರ ಮಾತಾಡುವಂತೆ ಕೂಗುತ್ತಿದ್ದರು. ಅವರಿಗೆ ಬಾಗಿಲಲ್ಲೇ ಹೇಳಿ ಒಳಗೆ ಬಿಡುತ್ತಿದ್ದೆ: ಕಿವಿ ಚೆನ್ನಾಗಿದೆ, ಬುದ್ಧಿಯೂ ಚೆನ್ನಾಗಿದೆ, ಒಂದು ಸಲಕ್ಕೆ ಒಬ್ಬರು ಮಾತಾಡಿ, ಟಿವಿ ಆರಿಸಿ.

ಎಣಿಕೆ ಮಾತ್ರ ಮೊದಲಿನಿಂದಲೂ ಬರುತ್ತಿತ್ತು. ಒಂದು ಅಂತ ನಾನು ಶುರುಮಾಡಿದರೆ ಇಪ್ಪತ್ತರವರೆಗೆ ಓಡುತ್ತಿದ್ದಳು. ವಾರದ ಹೆಸರುಗಳೂ ಹಾಗೆಯೇ, ಮಗಳಿಗೆ ಹಾಡುತ್ತಿದ್ದ ಜೋಗುಳವೂ ಹಾಗೆಯೇ. ಬಾಯಿಪಾಠವಾದದ್ದು ಬೇರೆ ದಾರಿಯಲ್ಲಿ ಬರುತ್ತದಂತೆ. ಆದರೆ "ಎಷ್ಟು ಮಾತ್ರೆ ತಗೊಂಡೆ?" ಅಂದರೆ ಮೂರು ಅನ್ನಲು ಬರುವುದಿಲ್ಲ, ಒಂದು, ಎರಡು, ಮೂರು ಅಂತ ಹತ್ತಿ ಬಂದು ಮೂರರ ಮೇಲೆ ನಿಲ್ಲಬೇಕು. ಈ ಎಣಿಕೆಯನ್ನು ಮೆಟ್ಟಿಲಿಗೆ ಕಟ್ಟಿದೆವು. ನಮ್ಮದು ಹದಿನಾಲ್ಕು ಮೆಟ್ಟಿಲು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಫಿಸಿಯೋ ಹುಡುಗ ಕಲಿಸಿದ ಸೂತ್ರ, "ಒಳ್ಳೇದು ಮೇಲಕ್ಕೆ, ಕೆಟ್ಟದ್ದು ಕೆಳಕ್ಕೆ". ಕೆಟ್ಟದ್ದು ಅಂದಾಗಲೆಲ್ಲ ಅವಳ ಮುಖ ಗಂಟಾಗುತ್ತಿತ್ತು. ಐದನೇ ತಿಂಗಳ ಒಂದು ಸಂಜೆ ಮೇಲಿನ ಮೆಟ್ಟಿಲ ಮೇಲೆ ನಿಂತು, ನಾನು "ಹೂಂ, ಕೆಟ್ಟದ್ದು" ಅನ್ನುವಷ್ಟರಲ್ಲಿ ಊರುಗೋಲಿನಿಂದ ಬಲಗಾಲನ್ನು ಕುಟ್ಟಿ ಅಂದಳು: "ಸೋಮಾರಿ!" ಯಾರೂ ಹೇಳಿಕೊಡದೆ ಬಂದ ಹೊಸ ಶಬ್ದ. ಅಂದಿನಿಂದ ಆ ಕಾಲಿಗೂ ಆ ಕೈಗೂ ನಮ್ಮ ಮನೆಯಲ್ಲಿ ಅದೇ ಹೆಸರು.

ಆರು ತಿಂಗಳಾದಾಗ ಒಬ್ಬ ವೈದ್ಯರು, "ಬರೋದೆಲ್ಲ ಬಂದಾಯ್ತು, ಇನ್ನು ಇಷ್ಟೇ" ಅಂದರು. ಮೊದಲ ಮೂರರಿಂದ ಆರು ತಿಂಗಳಲ್ಲಿ ಸುಧಾರಣೆ ವೇಗವಾಗಿ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ, ನಿಜ. ನಿಧಾನ ಅನ್ನುವುದು ಅವರ ಬಾಯಲ್ಲಿ ಮುಗಿಯಿತು ಆಗಿತ್ತು. ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಫಿಸಿಯೋ ಹುಡುಗನಿಗೆ ಹೇಳಿದಾಗ ಅವನು ಎಡ್ವರ್ಡ್ ಟಾಬ್ ಎಂಬ ಮನಶ್ಶಾಸ್ತ್ರಜ್ಞನ ಕಥೆ ಹೇಳಿದ. ಸೋತ ಕೈಯನ್ನು ಬಳಸಲು ಹೋಗಿ ಹೋಗಿ ಆಗದೆ ಮಿದುಳು ಅದನ್ನು ಮರೆಯುವುದನ್ನೇ ಕಲಿತುಬಿಡುತ್ತದೆ. ಹಾಗಾಗಿ ಗಟ್ಟಿ ಕೈಗೇ ಕೈಗವಸಿನಂಥ ಕವಚ ತೊಡಿಸಿ ಸೋತದ್ದಕ್ಕೆ ಕೆಲಸ ಕೊಡಬೇಕು ಅನ್ನುವುದು ಅವರ ವಾದ. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳಾದ 222 ಜನ ಇದ್ದರು. ಎರಡು ವಾರ, ಎಚ್ಚರವಿರುವ ಹೊತ್ತಿನ ಶೇ. 90ರಷ್ಟು ಕಾಲ ಕವಚ, ಜೊತೆಗೆ ತರಬೇತಿ. ಅಂಥವರ ಕೈ ಸುಧಾರಿಸಿತು, ಒಂದು ವರ್ಷದ ಮೇಲೂ ಉಳಿಯಿತು. ನಾನು ಅಂದೇ ಕೈಗವಸು ತರಲು ಹೊರಟೆ. ಅವನು ತಡೆದ: ಮಣಿಕಟ್ಟು, ಬೆರಳು ಸ್ವಲ್ಪವಾದರೂ ತಾವಾಗಿ ಬಿಚ್ಚಿಕೊಳ್ಳುವವರಿಗೆ ಮಾತ್ರ ಇದು, ಇವರಿಗೆ ಈಗ ಕವಚ ಹಾಕಿದರೆ ಎರಡೂ ಕೈ ಕಟ್ಟಿ ಹಾಕಿದ ಹಾಗೆ. ನಾವು ಮಾಡಿದ್ದು ಅದರ ಬಡ ತಮ್ಮ. ಸ್ವಿಚ್ಚು, ಡ್ರಾಯರು, ಪುಸ್ತಕದ ಪುಟ ಈ ಮೂರು ಸೋಮಾರಿಯ ಹೆಸರಿಗೆ. ಎಡಗೈಯಲ್ಲಿ ಮಾಡಿದರೆ ದಂಡ; ದಂಡವೆಂದರೆ ನನ್ನ ಹಾಡು ಕೇಳುವುದು.

ಅವಳ ಬೆರಳುಗಳು ಬಿಗಿದು ಮುಷ್ಟಿಯಾಗುತ್ತಿದ್ದದ್ದಕ್ಕೆ ಸ್ನಾಯು ಸಡಿಲಿಸುವ ಬೊಟ್ಯುಲಿನಮ್ ಇಂಜೆಕ್ಷನ್ ಕೊಡಿಸಿದೆವು. ಅದರ ಪ್ರಭಾವ ಮೂರು ತಿಂಗಳ ಆಸುಪಾಸು. ಸಡಿಲವಾದ ಆ ತಿಂಗಳುಗಳಲ್ಲಿ ಕೈಗೆ ಕೆಲಸ ಕೊಡದಿದ್ದರೆ ಇಂಜೆಕ್ಷನ್ ವ್ಯರ್ಥ. ಮನೆಗೆಲಸವೊಂದೇ ಸಾಕು, ಥೆರಪಿಸ್ಟ್ ಬೇಡ ಅಂತಲೂ ನಾನು ಹೇಳುತ್ತಿಲ್ಲ. ಒಮ್ಮೆ ಎರಡು ತಿಂಗಳು ಅವನನ್ನು ಬಿಡಿಸಿದ್ದೆವು. ಅಷ್ಟರಲ್ಲಿ ಲೋಟ ಎತ್ತುವಾಗ ಭುಜವನ್ನು ಕಿವಿಯವರೆಗೆ ಏರಿಸುವ ಚಾಳಿ ಅವಳಿಗೆ ಅಂಟಿಕೊಂಡಿತ್ತು. ನಮ್ಮ ಕಣ್ಣಿಗೆ ಕಂಡದ್ದು ಲೋಟ ಎದ್ದದ್ದು ಮಾತ್ರ. ಬಿಡಿಸಲು ಅವನಿಗೆ ಬೆವರು ಇಳಿಯಿತು.

ಒಂಬತ್ತನೇ ತಿಂಗಳ ಹೊತ್ತಿಗೆ ಹೊಸ ಹುಚ್ಚು ಹತ್ತಿತ್ತು ನನಗೆ. ಎಲ್ಲವೂ ಥೆರಪಿ. ಪತ್ರಿಕೆ ಕೊಟ್ಟರೆ "ಬಲಗೈ", ಕಿಟಕಿ ತೆರೆದರೆ "ಬಲಗೈ". ಒಂದು ರಾತ್ರಿ ಕಂಬಳಿ ಎಳೆದುಕೊಳ್ಳುತ್ತಿದ್ದವಳಿಗೂ ಅಂದೆ. ಅವಳು ಎದ್ದು ಕೂತಳು. ಬಾಯಿ ತೆರೆದಳು, ನಾನು ಹತ್ತು ಎಣಿಸಿದೆ, ಇನ್ನೊಂದು ಹತ್ತು ಎಣಿಸಿದೆ. "ಸಾಕು" ಅಂದಳು. ಆಮೇಲೆ, "ಗಂಡ… ಬೇಕು." ದೀಪ ಆರಿಸಿ ಮಲಗಿದರೂ ನಿದ್ದೆ ಬರಲಿಲ್ಲ. ಮರುದಿನದಿಂದ ನಿಯಮ: ರಾತ್ರಿ ಏಳರ ನಂತರ ಏನೂ ಕಲಿಯುವುದಿಲ್ಲ, ಕಲಿಸುವುದಿಲ್ಲ. ಗುಂಡಿ ನಾನೇ ಬಿಚ್ಚುತ್ತೇನೆ. ಕಂಬಳಿ ನಾನೇ ಹೊದಿಸುತ್ತೇನೆ.

ಮಧ್ಯಾಹ್ನದ ಸುಸ್ತನ್ನೂ ತಡವಾಗಿ ಅರ್ಥಮಾಡಿಕೊಂಡೆ. ನಿದ್ದೆ ಮಾಡಿದರೂ ಹೋಗದ ಆಯಾಸ ಅದು, ಗಾಯಗೊಂಡ ಮಿದುಳಿನದು. ಕೈಕೆಲಸವೆಲ್ಲ ಹನ್ನೊಂದರೊಳಗೆ ಮುಗಿಸುತ್ತೇವೆ. ಇನ್ನು ಮನಸ್ಸು. ಒಂದು ಚಳಿಗಾಲ ಪೂರ್ತಿ ಅವಳು ಟವೆಲ್ಲನ್ನೂ ಮುಟ್ಟಲಿಲ್ಲ. ಮುಂಜಾನೆ ಮೂರಕ್ಕೇ ಎಚ್ಚರ, ಗೋಡೆ ನೋಡುತ್ತಾ ಮಲಗುವುದು. ಸೋಮಾರಿತನ ಅಂದುಕೊಂಡೆ, ತಮಾಷೆಯ ಅರ್ಥದಲ್ಲಲ್ಲ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ ಅಂತ ವೈದ್ಯರು ಹೇಳಿದಾಗ, ಮಾತ್ರೆ ಬೇಡ ಅಂತ ವಾದ ಮಾಡಿದವನೂ ನಾನೇ. ಮಾತ್ರೆ ಶುರುವಾಗಿ ಆರನೇ ವಾರದಲ್ಲಿ ನಾನು ಮಡಚಿಟ್ಟಿದ್ದ ಟವೆಲ್ಲನ್ನು ಬಿಚ್ಚಿ ಮತ್ತೆ ಮಡಚಿದಳು. ನನಗೂ ವಾರದಲ್ಲಿ ಒಂದು ಸಂಜೆ ರಜೆ ಅಂತ ಮಗಳು ಠರಾವು ಮಾಡಿದಳು. ಅವಳ ಚಿಕ್ಕಮ್ಮ ಬಂದು ಕೂರುತ್ತಾಳೆ, ನಾನು ಸುಮ್ಮನೆ ನಡೆಯುತ್ತೇನೆ. ಮೊದಮೊದಲು ಕಳ್ಳತನ ಮಾಡಿದ ಹಾಗೆ ಅನಿಸುತ್ತಿತ್ತು. ಈಗ ಅನಿಸುವುದಿಲ್ಲ.

ಎರಡು ವರ್ಷ ಎಂಟು ತಿಂಗಳಾಯಿತು. ಅವಳು ಮನೆಯೊಳಗೆ ಊರುಗೋಲಿಲ್ಲದೆ ಓಡಾಡುತ್ತಾಳೆ, ಹೊರಗೆ ಹೋದರೆ ಎಡಗೈಯಲ್ಲಿ ಹಿಡಿಯುತ್ತಾಳೆ. ಬರೆಯುವುದು ಎಡಗೈಯಲ್ಲೇ. ನಾಲ್ಕೈದು ಶಬ್ದದ ವಾಕ್ಯ ಬರುತ್ತದೆ, ಕ್ರಿಯಾಪದ ಬಿಟ್ಟುಹೋಗಿರುತ್ತದೆ. ಎರಡು ತಿಂಗಳ ಹಿಂದೆ ಜ್ವರ ಬಂದು ಹತ್ತು ದಿನ ಮಲಗಿದಾಗ ಬಲಗೈ ಒಂದು ವರ್ಷ ಹಿಂದಕ್ಕೆ ಹೋಯಿತು. ಆರು ವಾರವಾದರೂ ಕ್ಲಿಪ್ಪು ಹಿಸುಕಲು ಆಗುತ್ತಿಲ್ಲ. ಎತ್ತಿ ಕೊಡುತ್ತಾಳೆ.

ಇನ್ನೊಂದು ಸ್ಟ್ರೋಕ್ ಆಗದಂತೆ ನೋಡಿಕೊಳ್ಳುವುದರಲ್ಲಿ ಬಿ.ಪಿ.ಯೇ ಮುಖ್ಯ ಅಂದಿದ್ದರು. ಬೆಳಿಗ್ಗೆ ಅಳೆಯುವುದು ಮೊದಲಿನಿಂದ ಇದೆ. ಒಂದು ದಿನ ಅವಳದು ಮುಗಿದ ಮೇಲೆ ಯಂತ್ರವನ್ನು ನನ್ನ ಕಡೆ ತಳ್ಳಿದಳು. ನೋಡಿದರೆ ನನ್ನದೇ ಜಾಸ್ತಿ. ಆವತ್ತಿನಿಂದ ನನ್ನ ತೋಳಿಗೆ ಪಟ್ಟಿ ಸುತ್ತುವ ಕೆಲಸ ಅವಳದು. ಎಡಗೈಯಲ್ಲಿ ಪಟ್ಟಿ ಎಳೆದು, ಬಲ ಅಂಗೈಯಿಂದ ವೆಲ್ಕ್ರೋ ಒತ್ತಿ, ಮುಗಿದ ಮೇಲೆ ಎರಡು ಬೆರಳಲ್ಲಿ ಅಂಚು ಕೆರೆದು ಕೀಳುತ್ತಾಳೆ. ಚರ್ ಅನ್ನುವ ಆ ಸದ್ದು ಬರುವವರೆಗೆ ನಾನು ಅಲುಗಾಡುವಂತಿಲ್ಲ. ಅಂಕಿ ಓದುವವಳೂ ಅವಳೇ, ವಹಿಯಲ್ಲಿ ಬರೆಯುವವಳೂ ಅವಳೇ. ಈ ಲೆಕ್ಕದಲ್ಲಿ ಸುಳ್ಳಿಲ್ಲ.

ಇವತ್ತು ಪರದೆ ನೋಡಿದಳು. "ನೂರ…" ಅಂದು ನಿಂತಳು. ನಾನು ಎಣಿಸಿದೆ. "ನೂರ ನಲ… ನಲವತ್ತು." ಬರೆದುಕೊಂಡಳು. ಆಮೇಲೆ ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಸೋಮಾರಿ ಕೈಯಿಂದ, ಭುಜ ಏರಿಸದೆ, ನನ್ನಿಂದ ದೂರಕ್ಕೆ ತಳ್ಳಿದಳು.